ಜಗಳದ ಪುಟ ಹರಿಯಬೇಡಿ

ಗಣಿಯೂರು, ಎರಡನೇ ಮೇಲ್ಕಟ್ಟಿನ ಕೆಳಗೆ
ಕ್ರಿ.ಶ. ೨೩೯೧, ಫೆಬ್ರವರಿ ಮೂವತ್ತು

ಹುಡುಗಿಯರ ಗೆಳೆತನದ ಕಾದಂಬರಿಗಳನ್ನು ಬರೆಯುವ ತಾಯಂದಿರೇ, ಓದುವ ಮಕ್ಕಳೇ,

ಫೆಬ್ರವರಿಗೆ ಮೂವತ್ತನೇ ತಾರೀಖು ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ನಿಮಗಿಂತ ಮುನ್ನೂರು ಚಿಲ್ಲರೆ ವರ್ಷ ಈಚೆಗಿನ ನಮ್ಮವರು ತಿಂಗಳುಗಳನ್ನು ತಮಗೆ ತೋಚಿದಂತೆ ಹಿಗ್ಗಿಸಿ ಕುಗ್ಗಿಸಿದ್ದಾರೆ, ನನ್ನನ್ನೇನೂ ಕೇಳಲಿಲ್ಲ. ನಿಮಗೆ ಗೊತ್ತಿಲ್ಲದ ಪದಗಳು ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನನ್ನ ಹೆಸರು ಹುಲಿಗೆಮ್ಮ. ವಯಸ್ಸಾಗಿದೆ, ಬಾಯಿ ಮಾತ್ರ ಇನ್ನೂ ಜೋರು. ನನ್ನ ಮೊಮ್ಮಗಳು ಕೇದಗಿ ತನ್ನ ಒಬ್ಬಳೇ ಗೆಳತಿಯನ್ನು ಕಳೆದುಕೊಳ್ಳುತ್ತಿದ್ದಾಳೆ, ಅದರಿಂದ ಅವಳಿಗೆ ಒಂದು ಚೂರೂ ನೋವಾಗುತ್ತಿಲ್ಲ. ನನಗೆ ಹೆದರಿಕೆ ಅದಕ್ಕೇ.

ನಾವಿರುವುದು ಹಿಂದಿನವರು ಅದಿರು ಅಗೆದು ಬಿಟ್ಟುಹೋದ ಗುಂಡಿಯಲ್ಲಿ. ಮೇಲೆ ಬಿಸಿಲಿಗೆ ನಿಲ್ಲಲಾಗದೆ ಕೆಳಗಿಳಿದೆವು. ಗುಂಡಿಯ ಬಾಯಿಗೆ ಅಡ್ಡಲಾಗಿ ಬಿಗಿದ ದಪ್ಪ ಬಟ್ಟೆಯ ಚಪ್ಪರಕ್ಕೆ ಮೇಲ್ಕಟ್ಟು ಎನ್ನುತ್ತೇವೆ. ಅದರ ಕೆಳಗೆ, ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗೋಡೆಗಳಲ್ಲಿ ಮನೆಗಳಿವೆ. ಕೆಂಪು ಧೂಳು ಎಲ್ಲಿ ಬೇಕೆಂದರಲ್ಲಿ ಕೂರುತ್ತದೆ, ಸಜ್ಜೆ ಹಿಟ್ಟಿನಲ್ಲಿ, ತಲೆಗೂದಲಲ್ಲಿ, ಮಕ್ಕಳ ಹಲ್ಲಿನ ಸಂದಿಯಲ್ಲಿ. ಬೆಳಿಗ್ಗೆ ನೀರು ಬಿಟ್ಟಾಗ ತೊಟ್ಟಿಯ ಮುಂದೆ ಉದ್ದಕ್ಕೆ ಸಾಲು ನಿಲ್ಲುತ್ತದೆ. ನೀವಾಗಿದ್ದರೆ ಅಲ್ಲಿ ಕೊಡಗಳೇ ಹಾರಾಡುತ್ತಿದ್ದವು! ನಮ್ಮ ಸಾಲಿನಲ್ಲಿ ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ. ಎಲ್ಲರೂ ತಂತಮ್ಮ ಕಿವಿಗೆಳತಿಯ ಜೊತೆ ಪಿಸುಗುಡುತ್ತಾ ನಗುತ್ತಿರುತ್ತಾರೆ.

ಕಿವಿಗೆಳತಿ ಎಂದರೆ ಮನುಷ್ಯಳಲ್ಲ. ಸಾಸಿವೆ ಕಾಳಿನಷ್ಟು ಚಿಕ್ಕ ಯಂತ್ರ. ಹುಡುಗಿ ದೊಡ್ಡವಳಾದಾಗ ಕಿವಿಯೊಳಗೆ ಇಡುತ್ತಾರೆ. ಅದು ಮುನಿಯುವುದಿಲ್ಲ, ಮರೆಯುವುದಿಲ್ಲ, ನೀವು ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತದೆ. ನಾನು ಹುಡುಗಿಯಾಗಿದ್ದಾಗಿನದನ್ನು ಬೇಡವೆನಿಸಿದಾಗ ತೆಗೆದು ಗೂಡಿನಲ್ಲಿಡಬಹುದಿತ್ತು. ಈಗಿನದು ಬೇರು ಬಿಡುತ್ತದೆ, ತೆಗೆಯಲು ಬರುವುದಿಲ್ಲ. ಕೇದಗಿಯದು ಈಗಿನದು. ಪಕ್ಕದ ಮನೆಯ ಜುಬೇದಾಳದ್ದು ಅವಳ ಅಕ್ಕ ಬಿಟ್ಟ ಹಳೆಯ ಡಬ್ಬಾ, ಅರ್ಧ ಹೊತ್ತು ಕೆಟ್ಟೇ ಇರುತ್ತದೆ. ಆ ಹುಡುಗಿಯ ಪುಣ್ಯ.

ನಮ್ಮ ಬಳಿ ಒಂದು ಪುಸ್ತಕವಿದೆ, ನಿಮ್ಮ ಕಾಲದ್ದು. ಮೊದಲ ಹಾಳೆ ಹೋಗಿರುವುದರಿಂದ ಹೆಸರು ಗೊತ್ತಿಲ್ಲ. ವಸು, ಪಮ್ಮಿ ಎಂಬ ಇಬ್ಬರು ಒಂಬತ್ತನೇ ಕ್ಲಾಸಿನ ಹುಡುಗಿಯರ ಕಥೆ. ಒಂದೇ ಬೆಂಚು, ಒಂದೇ ಛತ್ರಿ. ವಸು ಒಂದು ದಿನ ಪಮ್ಮಿಯ ಗುಟ್ಟನ್ನು ಇಡೀ ಕ್ಲಾಸಿನ ಎದುರು ಆಡಿಬಿಡುತ್ತಾಳೆ. ಇಬ್ಬರೂ ಟೂ ಬಿಡುತ್ತಾರೆ. ರಾಜರ ಕಥೆ, ಯುದ್ಧದ ಕಥೆ, ಚಂದ್ರನ ಮೇಲೆ ಹೋದವರ ಕಥೆ ಎಲ್ಲ ನಮ್ಮಲ್ಲಿವೆ. ಹುಡುಗಿಯರು ಮೂಸಿಯೂ ನೋಡುವುದಿಲ್ಲ. ಕೇಳುವುದು ಇದನ್ನೇ. ಬೆಂಚು ನೋಡಿಲ್ಲ, ಛತ್ರಿ ಎಂದರೇನೆಂದು ಗೊತ್ತಿಲ್ಲ, ಆದರೂ ಪಮ್ಮಿ ಒಬ್ಬಳೇ ಊಟಕ್ಕೆ ಕೂತಾಗ ಇವರ ಕಣ್ಣಲ್ಲಿ ನೀರು. ಇದೇ ಕಥೆಯನ್ನು ಕಿವಿಗೆಳತಿಯೂ ಹೇಳುತ್ತದೆ. ಅದು ಹೇಳುವಾಗ ಜಗಳವೇ ಇರುವುದಿಲ್ಲ. ವಸು ಯಾವ ಗುಟ್ಟನ್ನೂ ಆಡುವುದಿಲ್ಲ, ಮೊದಲಿಂದ ಕೊನೆಯವರೆಗೂ ಇಬ್ಬರೂ ಐಸ್‌ಕ್ರೀಂ ತಿನ್ನುತ್ತಾರೆ. ಥೂ, ಅದೂ ಒಂದು ಕಥೆಯೇ?

ಈ ಪುಸ್ತಕವನ್ನು ನಾವು ಜೋಡಿಯಾಗಿಯೇ ಓದಬೇಕು. ಎಡ ಪುಟ ಒಬ್ಬಳದು, ಬಲ ಪುಟ ಇನ್ನೊಬ್ಬಳದು. ಒಬ್ಬಳೇ ತೆರೆಯುವಂತಿಲ್ಲ. ಟೂ ಬಿಡುವ ಪುಟ ಬಂದಾಗ ಪುಸ್ತಕ ಮುಚ್ಚಿ, ಇಬ್ಬರೂ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಒಂದು ನಿಜವಾದ ಸಿಟ್ಟನ್ನು ಎದುರಿಗೆ ಹೇಳಿ, ಕಿರುಬೆರಳು ತೋರಿಸಿ ಎದ್ದು ಹೋಗಬೇಕು. ಆಮೇಲೆ ಮಾತಿಲ್ಲ. ತಡೆಯಲಾಗದೆ ಒಬ್ಬಳು ಇನ್ನೊಬ್ಬಳ ಬಾಗಿಲಿಗೆ ಬಂದ ಮೇಲೆಯೇ ಮುಂದಿನ ಪುಟ. ಜಗಳವಾಡಲು ಬೇರೆ ಯಾರೂ ಕಲಿಸದ ಊರಿನಲ್ಲಿ ನಮ್ಮ ಅಜ್ಜಿಯಂದಿರು ಮಾಡಿಟ್ಟ ಪದ್ಧತಿ ಇದು. ನನ್ನ ಗೆಳತಿ ನಾಗವೇಣಿ ಮಾರನೇ ದಿನವೇ ಅಳುತ್ತಾ ಬಂದಿದ್ದಳು. ಬಂದವಳು ಮೊದಲು ನನ್ನ ಜಡೆ ಹಿಡಿದೆಳೆದಳು.

ಕೇದಗಿ, ಜುಬೇದಾ ಓದಿದರು. ಆ ಪುಟ ಬಂತು. ಜುಬೇದಾ ಹೇಳಿದಳು: "ನಾ ಮಾತಾಡುವಾಗ್ಲೂ ನೀ ಕಿವ್ಯಾಗಿನ ಆಕಿ ಮಾತೇ ಕೇಳ್ತಿ. ನಾ ಇದ್ದರೇನು, ಬಿಟ್ಟರೇನು ನಿಂಗ?" ಕೇದಗಿಯ ಹೊಟ್ಟೆಯಲ್ಲಿ ಹೇಳಲು ಒಂದು ಸಿಟ್ಟೂ ಇರಲಿಲ್ಲ. ತಲೆ ಸ್ವಲ್ಪ ವಾಲಿಸಿ ಏನೋ ಕೇಳಿಸಿಕೊಂಡು, ಮುಗುಳ್ನಕ್ಕು, ಕಿರುಬೆರಳು ತೋರಿಸಿ ಬಂದಳು. ಆಮೇಲೆ ತಿಂಗಳುಗಳೇ ಕಳೆದವು. ಜುಬೇದಾ ನೀರಿನ ಸಾಲಿನಲ್ಲಿ ಇವಳನ್ನೇ ನೋಡುತ್ತಾ ನಿಲ್ಲುತ್ತಾಳೆ, ಸೊರಗಿ ಕಡ್ಡಿಯಾಗಿದ್ದಾಳೆ. ಇವಳು ಚೆನ್ನಾಗಿದ್ದಾಳೆ. ತಿನ್ನುತ್ತಾಳೆ, ಮಲಗುತ್ತಾಳೆ. ಹೋಗಿ ಮಾತಾಡಿಸೇ ಎಂದರೆ ನನಗೆ ಹೇಳುತ್ತಾಳೆ: "ಯಾಕ ಅಜ್ಜಿ? ಕಿವ್ಯಾಗಿನ ಇಕಿ ನನ್ನ ಮ್ಯಾಲ ಸಿಟ್ಟೇ ಆಗಲ್ಲ. ಎಷ್ಟು ಆರಾಮ ಐತಿ." ಆ ದನಿ ನನ್ನ ಮೊಮ್ಮಗಳದ್ದಲ್ಲ. ಸಕ್ಕರೆ ಪಾಕದಂಥ ಆ ದನಿ ಎಲ್ಲಿಯದೆಂದು ನನಗೆ ಗೊತ್ತು.

ಕೂಸಾಗಿದ್ದಾಗ ಇವಳು ಎಂಥ ಸಿಡುಕಿ ಗೊತ್ತೇ? ಬೆಲ್ಲ ಕಮ್ಮಿಯಾದರೆ ತಟ್ಟೆ ಬೀಸಿ ಒಗೆಯುತ್ತಿದ್ದಳು. ಮೊನ್ನೆ ನಾನು ಬೇಕೆಂದೇ ಅವಳ ಪ್ರೀತಿಯ ಬಳೆ ಒಡೆದೆ. "ಪರವಾಗಿಲ್ಲ ಅಜ್ಜಿ" ಎಂದು ಚೂರು ಆಯ್ದಳು. ನಾನು ಒಳಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಬರುವ ವರ್ಷದಿಂದ ಎಳೆಯ ಕೂಸುಗಳ ಕಿವಿಗೂ ಇಡುತ್ತಾರಂತೆ. ಆಮೇಲೆ ಈ ಪುಸ್ತಕವನ್ನು ಯಾರು ಯಾರ ಜೊತೆ ಓದುವುದು?

ಆದ್ದರಿಂದ ಕೈಮುಗಿದು ಕೇಳುತ್ತೇನೆ. ಇವೆಲ್ಲ ಹುಡುಗಿಯರ ಚಿಲ್ಲರೆ ಪುಸ್ತಕ ಎಂದು ನಿಮ್ಮಲ್ಲಿ ದೊಡ್ಡವರು ಮೂಗು ಮುರಿಯುತ್ತಾರೇನೋ, ಮುರಿಯಲಿ. ನೀವು ಬರೆಯಿರಿ. ಗೆಳತಿಯರನ್ನು ಒಳ್ಳೆಯವರನ್ನಾಗಿ ಮಾಡಲು ಹೋಗಬೇಡಿ. ಹೊಟ್ಟೆಕಿಚ್ಚು ಇರಲಿ, ಚಾಡಿ ಇರಲಿ, ಮೋಸವೂ ಇರಲಿ. ಮಕ್ಕಳ ಮನಸ್ಸು ನೋಯುತ್ತದೆಂದು ಯಾರಾದರೂ ಜಗಳದ ಪುಟ ತೆಗೆಯಲು ಹೇಳಿದರೆ ಒಪ್ಪಬೇಡಿ. ನಿಮ್ಮಲ್ಲಿ ಯಾರಾದರೂ ಟೂ ಬಿಟ್ಟು ಕೂತಿದ್ದರೆ ಈ ಕಾಗದ ಅಲ್ಲೇ ಬಿಟ್ಟು ಎದ್ದು ಹೋಗಿ. ರಾಜಿಯಾಗುವುದು ಹೇಗೆಂದು ಪುಸ್ತಕದಲ್ಲಿದೆ. ಪಮ್ಮಿ ಬಂದು, ಒಂದು ಮಾತೂ ಆಡದೆ, ವಸುವಿನ ಡಬ್ಬಿಯಿಂದ ಚಿತ್ರಾನ್ನ ತೆಗೆದು ತಿನ್ನಲು ಶುರು ಮಾಡುತ್ತಾಳೆ. ಅಷ್ಟೇ. ನಮ್ಮ ಈ ಇಬ್ಬರು ಹುಡುಗಿಯರು ಆ ಪುಟದವರೆಗೆ ಬಂದೇ ಇಲ್ಲ.

ತಾಳಿ, ಹೊರಗೆ ಯಾರೋ ಬಂದರು.

ಮುಂದಿನದನ್ನು ಬಾಗಿಲ ಸಂದಿಯಿಂದ ನೋಡುತ್ತಾ ಬರೆಯುತ್ತಿದ್ದೇನೆ. ಜುಬೇದಾ ಬಂದಿದ್ದಾಳೆ. ಕೇದಗಿ ಅಂಗಳದಲ್ಲಿ ಊಟಕ್ಕೆ ಕೂತಿದ್ದಾಳೆ, ತಲೆ ಎತ್ತಲಿಲ್ಲ. ಜುಬೇದಾ ನಿಂತೇ ಇದ್ದಳು. ಹೊರಟುಹೋಗುತ್ತಾಳೆ ಎಂದುಕೊಂಡೆ. ಆ ಹುಡುಗಿ ಹೋಗಲಿಲ್ಲ. ಬಗ್ಗಿ, ಇವಳ ತಟ್ಟೆಯಲ್ಲಿದ್ದ ಒಂದೇ ಒಂದು ರೊಟ್ಟಿ ಎತ್ತಿಕೊಂಡು, ಎದುರಿಗೇ ಕೂತು ತಿನ್ನತೊಡಗಿದಳು. ಆ ಪುಟ ಓದಿಲ್ಲ ಅವಳು! ಯಾರೂ ಹೇಳಿಕೊಟ್ಟಿಲ್ಲ!

ಕೇದಗಿ ತಲೆ ವಾಲಿಸಿ ಕಿವಿಯ ಮಾತು ಕೇಳಿದಳು. ಮುಗುಳ್ನಕ್ಕಳು. ಆ ನಗು ಅಲ್ಲೇ ನಿಂತಿತು, ತುಟಿ ಅದುರಿತು.

"ಏಯ್, ಅದು ನಂದೈತಿ!"

ಕಿರುಚಿದಳು. ಗೋಡೆಯ ಧೂಳು ಉದುರುವಂತೆ ಕಿರುಚಿದಳು. ಈಗ ಇಬ್ಬರೂ ಒಬ್ಬರ ಜಡೆ ಒಬ್ಬರು ಹಿಡಿದಿದ್ದಾರೆ, ತಟ್ಟೆ ಬೋರಲು ಬಿದ್ದಿದೆ. ನನ್ನ ಹೆದರಿಕೆ ಇನ್ನೂ ಹೋಗಿಲ್ಲ, ಆ ಯಂತ್ರ ಅವಳ ಕಿವಿಯಲ್ಲೇ ಇದೆ. ಕಾಗದ ಇಲ್ಲಿಗೆ ನಿಲ್ಲಿಸುತ್ತೇನೆ. ಪುಸ್ತಕ ತಂದು ಅವರ ಮುಂದಿಡಬೇಕು, ಜಗಳ ಮುಗಿಯುವ ಮೊದಲೇ.

ನಿಮ್ಮ
ಹುಲಿಗೆಮ್ಮ