ಬೋಗುಣಿಯ ಕೊನೆಯ ತ್ರಿಕೋನ

ಮನೆ,
ಮಾರ್ಚ್ ಒಂಬತ್ತು, ಭಾನುವಾರ ಬೆಳಗ್ಗೆ

ಪ್ರೀತಿಯ ಮಗಳೇ,

ನಿನ್ನ ಕೆಮ್ಮು ಪೂರ್ತಿ ವಾಸಿಯಾಯಿತೇ? ಹೊಸ ಕೊಠಡಿಗೆ ಕಿಟಕಿ ಒಂದೇ ಎಂದು ನೀನು ಬರೆದಿದ್ದೆ. ಹಗಲಿನಲ್ಲಾದರೂ ಅದನ್ನು ತೆರೆದಿಡು. ನನ್ನ ಮಂಡಿ ಎಂದಿನಂತೆ ಮೆಟ್ಟಿಲುಗಳೊಡನೆ ಮುನಿಸಿಕೊಂಡಿದೆ. ಉಳಿದಂತೆ ನಾನು ಕ್ಷೇಮ. ಈ ಪತ್ರ ನಿನ್ನ ಅಮ್ಮನ ಕಣ್ಣಿನ ವಿಷಯವಾಗಿ.

ಅವಳ ದೃಷ್ಟಿಯ ನಡುಭಾಗ ಸವೆಯುತ್ತಿದೆ, ಅಂಚು ಮಾತ್ರ ಉಳಿಯುತ್ತದೆ ಎಂದು ವೈದ್ಯರು ಹೋದ ತಿಂಗಳು ಹೇಳಿದರು. ಅದರ ಅರ್ಥ ನನಗೆ ತಿಳಿದದ್ದು ಅವಳ ಕೆಲಸದ ಕೋಣೆಯಲ್ಲಿ. ತಾನೇ ಮಾಡಿದ ಮಣ್ಣಿನ ಬೋಗುಣಿಯ ಬಾಯಿ ಅವಳಿಗೆ ಕಾಣುತ್ತದೆ, ಪಕ್ಕದ ಬಣ್ಣದ ಬಟ್ಟಲು ಕಾಣುತ್ತದೆ. ಕುಂಚದ ತುದಿ ಮಾತ್ರ ಕಾಣದು. ಅವಳ ಪದ್ಧತಿಯನ್ನು ನೀನು ಬಲ್ಲೆ: ಅಳತೆಪಟ್ಟಿಯನ್ನು ಮುಟ್ಟುವವಳಲ್ಲ, ಮೊದಲೇ ಗುರುತು ಹಾಕಿಕೊಳ್ಳುವವಳೂ ಅಲ್ಲ. ಎಡಗೈಯಿಂದ ತಿರುಗುಮಣೆಯನ್ನು ಮೆಲ್ಲನೆ ಸರಿಸುತ್ತ, ಬಾಯಂಚಿನ ಸುತ್ತ ನೀಲಿ ತ್ರಿಕೋನಗಳನ್ನು ಒಂದಕ್ಕೊಂದು ತಾಗಿಸುತ್ತ ಹೋಗುವಳು. ಕೊನೆಯದು ಬಂದು ಮೊದಲನೆಯದರ ಮೂಲೆಗೆ ಕೂದಲೆಳೆಯಷ್ಟೂ ತಪ್ಪದೆ ಕೂಡಬೇಕು. ಈಗ ಕೂಡುತ್ತಿಲ್ಲ. ಒಂದು ಬೋಗುಣಿಯಲ್ಲಿ ಬೆರಳಗಲದ ಬಿಳಿ ಉಳಿದಿತ್ತು. ಇನ್ನೊಂದರಲ್ಲಿ ಕೊನೆಯ ತ್ರಿಕೋನ ಮೊದಲನೆಯದರ ಬೆನ್ನೇರಿ ಕುಳಿತಿತ್ತು.

ಮುಗಿದ ಪ್ರತಿಯೊಂದನ್ನೂ ನನ್ನತ್ತ ತಿರುಗಿಸಿ "ಹೇಗಿದೆ ರೀ?" ಎಂದು ಕೇಳುವುದು ನಮ್ಮ ಮದುವೆಯಷ್ಟೇ ಹಳೆಯ ವಾಡಿಕೆ. ನಾನು ಚೆನ್ನಾಗಿದೆ ಎಂದೆ. ಎಲ್ಲವನ್ನೂ ಚೆನ್ನಾಗಿದೆ ಎಂದೆ. ಹಸಿಯಾಗಿದ್ದಾಗ ಒರೆಸಿ ತಿದ್ದಬಹುದಿತ್ತು. ಬೆಂಕಿ ಕಂಡ ಬಣ್ಣವನ್ನು ಅಳಿಸಲಾಗದು. ಅವು ಸುಡಲು ಆವಿಗೆಯ ಗೂಡಿಗೆ ಹೋದವು, ಹೊಳಪು ತಳೆದು ಹೊರಬಂದವು. ಅಂಗಡಿಗೆ ಕಳುಹಿಸಲು ನಾನು ಕಾಗದ ಸುತ್ತುತ್ತಿದ್ದಾಗ ಅವಳು ಎದುರಿಗೆ ಬಂದು ಕುಳಿತಳು.

"ಬಿಚ್ಚಿ ಅದನ್ನ," ಎಂದಳು. "ಇಷ್ಟು ವರ್ಷದಲ್ಲಿ ಒಂದು ತಟ್ಟೆಗಾದ್ರೂ ಕೊಂಕು ತೆಗೀದೆ ಬಿಟ್ಟಿದ್ದೀರಾ? ಗೆರೆ ದಪ್ಪ ಆಯ್ತು, ನೀಲಿ ಮಂಕಾಯ್ತು, ಏನಾದ್ರೂ ಒಂದು. ಈ ಸಲ ಎಲ್ಲಾನೂ ಚೆನ್ನಾಗಿದೆ ಅಂದ್ರಲ್ಲ, ಆಗ್ಲೇ ಗೊತ್ತಾಯ್ತು ನಂಗೆ. ಆವಿಗೆ ಬಾಗಿಲು ಮುಚ್ಚೋ ಮುಂಚೆಯಾದ್ರೂ ಹೇಳ್ತೀರೇನೋ ಅಂತ ಕಾದೆ."

ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು. ಅವಳು ಬೋಗುಣಿಗಳನ್ನು ಒಂದೊಂದಾಗಿ ಅಡುಗೆಮನೆಯ ಕಪಾಟಿಗೆ ಸೇರಿಸಿ, "ನಾವೇ ಉಣ್ಣೋಣ ಇದ್ರಲ್ಲಿ," ಎಂದಳು. ಉಣ್ಣುತ್ತಿದ್ದೇವೆ. ಬಿಳಿ ಉಳಿದ ಬೋಗುಣಿಯನ್ನು ಅವಳು ದಿನವೂ ನನ್ನ ಮುಂದೆಯೇ ಇಡುತ್ತಾಳೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಕಿವಿಗೆ ಗಾಳಿ ತಾಗಿಸಿಕೊಳ್ಳಬೇಡ. ನಿನಗೆ ಎಲ್ಲ ಬಗೆಯಲ್ಲೂ ಒಳಿತಾಗಲೆಂದು ಹಾರೈಸುವ,

ನಿನ್ನ ಅಪ್ಪ

ಮರೆಯುವ ಮುನ್ನ: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ಅಮ್ಮ ಬಂದು ಇದನ್ನೂ ಸೇರಿಸಲು ಹೇಳಿದಳು. ಅವಳು ಕೆಲಸ ನಿಲ್ಲಿಸುವುದಿಲ್ಲ. ನಾಳೆಯಿಂದ ಹೊಸ ಬೋಗುಣಿಗಳಿಗೆ ಬಣ್ಣ ಹಾಕತೊಡಗುತ್ತಾಳೆ. ಅವು ಆವಿಗೆ ಸೇರುವ ಮೊದಲು ನೀನು ಬರಬೇಕು. "ಮಗಳು ಕುಂಚ ಮುಟ್ಟೋದು ಬೇಡ. ಪಕ್ಕದಲ್ಲಿ ಕೂತು, ಕೆಟ್ಟಿದ್ರೆ ಕೆಟ್ಟಿದೆ ಅನ್ನಲಿ, ಸಾಕು. ಈ ವಿಷಯದಲ್ಲಿ ಇನ್ನು ನಿಮ್ಮನ್ನ ನಂಬೋಕಾಗಲ್ಲ." ಅವಳು ಹೇಳಿದಂತೆಯೇ ಬರೆದಿದ್ದೇನೆ, ಒಂದಕ್ಷರವನ್ನೂ ತಿದ್ದಿಲ್ಲ.