ಒಣಗಿದ ಪಾಚಿಗೆ ಒಂದು ಬೊಗಸೆ ನೀರು

ಸಸ್ಯ ಸಂರಕ್ಷಣಾ ಕಚೇರಿಯ ಮುಖ್ಯಾಧಿಕಾರಿಗಳೇ,

ಹಳೆಯ ಕಾಲುವೆ ಗೋಡೆಯ ಅಪರೂಪದ ಪಾಚಿಯನ್ನು ಕೊಂದವರು ನೀವು. ಓದುವವರಿಗೆ ಅನುಮಾನ ಉಳಿಯಬಾರದೆಂದು ಮೊದಲೇ ಹೇಳಿಬಿಟ್ಟಿದ್ದೇನೆ.

ಆ ಗೋಡೆಯ ಮೇಲೆ ನಲವತ್ತೊಂದು ಕಡೆ ಪಾಚಿ ಇತ್ತು. ಇಪ್ಪತ್ತೆರಡು ವರ್ಷ ಅದನ್ನು ಎಣಿಸಿದವಳು ಬಟ್ಟೆ ಹೊಲಿದು ಬದುಕುವ ನನ್ನ ಅಕ್ಕ. ಅವಳ ಮೊಣಕಾಲು ಸೋತ ಮೇಲೆ ಭೂತಗನ್ನಡಿ ನನ್ನ ಕೈಗೆ ಬಂತು. ಈ ಪಾಚಿ ಬಿಸಿಲಿಗೆ ಮುದುಡಿ ಕಪ್ಪಾಗುತ್ತದೆ, ಸಾಯುವುದಿಲ್ಲ. ನೀರು ಚಿಮುಕಿಸಿ ಹತ್ತು ನಿಮಿಷ ಕಾದರೆ ಎಲೆ ಬಿಚ್ಚಿ ಹಸಿರಾಗುತ್ತದೆ, ಆಮೇಲೆ ಎಣಿಸಬೇಕು. ನಿಮ್ಮ ಸರ್ವೇಯರ್ ಉರಿಬಿಸಿಲಲ್ಲಿ ಬರಿಗೈಲಿ ಬಂದರು, ಉಗುರಿನಿಂದ ಕೆರೆದರು, ಪೂರ್ತಿ ನಾಶವಾಗಿದೆ ಎಂದು ಬರೆದುಕೊಂಡರು. ನನ್ನ ನೀರಿನ ಬಾಟಲಿ ಚಾಚಿ, ನೀರು ಹಾಕಿ ನೋಡಿ ಎಂದು ಅಂಗಲಾಚಿದೆ.

"ಒಣಗಿದ್ದಕ್ಕೆ ನೀರು ಹಾಕಿ ಬದುಕಿಸೋದು ನಮ್ಮ ಕೆಲಸ ಅಲ್ಲಮ್ಮ, ಇದ್ದದ್ದನ್ನ ಬರ್ಕೊಳ್ಳೋದಷ್ಟೇ," ಅಂದರು.

ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ತಾವು. ಆ ವರದಿಗೆ ಸಹಿ ಹಾಕಿದಿರಿ. ಮರುವಾರ ಗೋಡೆ ತೊಳೆಯಲು ಟ್ಯಾಂಕರ್ ಬಂತು. ಬದುಕಿದೆಯೇ ಎಂದು ನೋಡಲು ಒಂದು ಬೊಗಸೆ ನೀರಿಲ್ಲದ ಕಚೇರಿಗೆ ಕೊಲ್ಲಲು ಟ್ಯಾಂಕರ್ ಎಲ್ಲಿಂದ ಸಿಕ್ಕಿತು? ಕೆಲಸಗಾರರು ಮೊದಲು ಗೋಡೆ ನೆನೆಸಿ, ಸಡಿಲವಾದ ಪೈಪು ಬಿಗಿಮಾಡುತ್ತ ಹತ್ತು ನಿಮಿಷ ನಿಂತರು. ಅಷ್ಟರಲ್ಲಿ ಅಷ್ಟೂ ಹಸಿರಾದವು. ನಾನು ಕಿರುಚುತ್ತಿದ್ದಂತೆಯೇ ರಭಸದಿಂದ ನೀರು ಬಿಟ್ಟು ಎಲ್ಲವನ್ನೂ ಕಿತ್ತು ತೊಳೆದುಹಾಕಿದರು.

ಮನೆಗೆ ಬಂದಾಗ ಅಕ್ಕ ಒಂದೇ ಮಾತು ಕೇಳಿದಳು. "ಹಸಿರಾದಾಗ ಎಣಿಸಿದ್ಯಾ?"

"ಎಣಿಸಿದೆ. ನಲವತ್ತೊಂದು."

ಆಮೇಲೆ ಅವಳು ಹೊಲಿಗೆ ಯಂತ್ರದ ಮುಂದೆ ಕೂತಳು, ಹೊಲಿಯಲಿಲ್ಲ. ಅದಕ್ಕಾಗಿ ನಿಮ್ಮನ್ನು ನಾನು ಕ್ಷಮಿಸುವುದಿಲ್ಲ.

ಜವಾಬು ಕೇಳಲು ನಿಮ್ಮ ಕೋಣೆಗೆ ಬಂದಿದ್ದೆ, ನೆನಪಿದೆಯೇ? ಫೋನಿನಲ್ಲಿ ಹರಟುತ್ತ ನನ್ನನ್ನು ಮುಕ್ಕಾಲು ಗಂಟೆ ನಿಲ್ಲಿಸಿದಿರಿ. ದೊಡ್ಡ ಉಪಕಾರವಾಯಿತು. ನಿಮ್ಮ ಕುರ್ಚಿಯ ಹಿಂದೆ ಸೋರುವ ಪೈಪಿನ ಕೆಳಗೆ ಗೋಡೆ ಹಸಿರಾಗಿತ್ತು. ಚಾಳಿ ಬಿಡುತ್ತದೆಯೇ, ಭೂತಗನ್ನಡಿ ತೆಗೆದೆ. ಅದೇ ಪಾಚಿ, ಎರಡು ಕಡೆ. ತಜ್ಞರ ಸಮಿತಿ ನೋಡಿ ಹೌದೆಂದಿದೆ, ನೋಂದಣಿಯೂ ಆಗಿದೆ. ನೀವೇ ಸಹಿ ಮಾಡಿದ ನಿಯಮದಂತೆ ನೋಂದಣಿಯಾದ ಜಾಗಕ್ಕೆ ಬಣ್ಣ ಬಳಿಯುವಂತಿಲ್ಲ, ದುರಸ್ತಿ ಮಾಡುವಂತಿಲ್ಲ, ನೀರಿನ ಹರಿವು ನಿಲ್ಲಿಸುವಂತಿಲ್ಲ. ಪೈಪು ಸೋರಲಿ. ನಿಮ್ಮ ಬೆನ್ನು ನೆನೆದರೆ ನನ್ನ ಹೊಟ್ಟೆ ತಣ್ಣಗಾಗುತ್ತದೆ.

ಬೇಡಿಕೆ ಒಂದೇ. ಪ್ರತಿ ಸೋಮವಾರ ಹತ್ತು ಗಂಟೆಗೆ ಗಣತಿಗೆ ಅಕ್ಕನನ್ನು ಕರೆತರುತ್ತೇನೆ. ಅವಳಿಗೆ ನಿಲ್ಲಲಾಗುವುದಿಲ್ಲ. ಅವಳು ಎಣಿಸಿ ಮುಗಿಸುವವರೆಗೆ ನೀವು ಎದ್ದು ನಿಂತು, ಆ ಕುರ್ಚಿ ಬಿಟ್ಟುಕೊಡಬೇಕು.

ಇಂತಿ,
ನಿಮ್ಮ ಸರ್ವೇಯರ್ ಹುಚ್ಚಿಯೆಂದು ನಕ್ಕ,
ನೀರಿನ ಬಾಟಲಿಯ ಹೆಂಗಸು