ಪವಿತ್ರ ಬಂದಿದ್ದಳು, ಗಿರಿಜಕ್ಕ

ಗಿರಿಜಕ್ಕಾ,

ನಿಮ್ಮ ಅಂಗಡಿಯಲ್ಲೇ ಕೂತು ಬರೆಯುತ್ತಿದ್ದೇನೆ. ಶಟರ್ ಅರ್ಧ ಇಳಿಸಿದ್ದೇನೆ. ನೀವು ಹೋದ ಮೇಲೆ ಅದನ್ನು ಪೂರ್ತಿ ಎತ್ತಿದ ದಿನವೇ ಕಡಿಮೆ. ‘ಆಷಾಢದಲ್ಲಿ ಸತ್ರೆ ಯಾರ್ಗೂ ತೊಂದ್ರೆ ಇಲ್ಲ ಕಣೆ ಭವ್ಯ, ಆಗ ಮದುವೇನೇ ಇರಲ್ವಲ್ಲ’ ಎಂದು ನಗುತ್ತಿದ್ದಿರಿ. ನಗುನಗುತ್ತಲೇ ಆಷಾಢದಲ್ಲೇ ಹೊರಟುಬಿಟ್ಟಿರಲ್ಲ ಅಕ್ಕ. ಹೋದ ವಾರ ಒಂದು ಸಂಗತಿ ನಡೆಯಿತು. ಅದನ್ನು ನಿಮಗೆ ಹೇಳಲೇಬೇಕು. ಬೇರೆ ಯಾರಿಗೆ ಹೇಳಲಿ? ಅದು ನಿಮಗೆ ಸೇರಬೇಕಾದ ಮಾತು. ನಿಮಗೊಬ್ಬರಿಗೇ.

ಕೆ.ಆರ್. ನಗರದ ನಿಮ್ಮ ಹಳೇ ಪಾರ್ಲರಿನ ಬಾಗಿಲಲ್ಲಿ ನಾನು ಮೊದಲ ಸಲ ನಿಂತ ಬೆಳಗು ನೆನಪಾಗುತ್ತದೆ. ಭೇರ್ಯದ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸಿಗೆ ಹಿಂದಿಯ ಬದಲು ವೃತ್ತಿ ಶಿಕ್ಷಣ ತೆಗೆದುಕೊಳ್ಳಬಹುದು ಎಂದಾಗ ನಾವು ಹುಡುಗಿಯರೆಲ್ಲ ಹಿಂದಿಯಿಂದ ತಪ್ಪಿಸಿಕೊಳ್ಳಲು ಬ್ಯೂಟಿ ವಿಷಯಕ್ಕೆ ಕೈ ಎತ್ತಿದ್ದೆವು. ರಜೆಯಲ್ಲಿ ಕಾರ್ಯಾನುಭವಕ್ಕೆಂದು ಒಬ್ಬೊಬ್ಬರನ್ನು ಒಂದೊಂದು ಕಡೆ ಕಳಿಸಿದರು. ‘ಉಬ್ಬು ಕೀಳದ್ ಕಲಿಯಕ್ಕೆ ಇಸ್ಕೂಲಿಗೋಗ್ಬೇಕಾ?’ ಎಂದು ಅಪ್ಪ ಬೈದುಕೊಂಡೇ ಬಸ್ಸು ಹತ್ತಿಸಿದ್ದರು. ನೀವು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಏನ್ ಬರುತ್ತೆ ನಿಂಗೆ?’ ಎಂದಿರಿ. ‘ಫೇಶಿಯಲ್ ಪಾಠ ಆಗಿದೆ ಮಿಸ್’ ಎಂದೆ. ‘ಮಿಸ್ಸು ಗಿಸ್ಸು ಎಲ್ಲ ಬ್ಯಾಡ, ಅಕ್ಕ ಅನ್ನು. ಮೊದ್ಲು ಆ ಕೂದ್ಲು ಗುಡ್ಸು.’ ನಮ್ಮ ಸಂಬಂಧ ಪೊರಕೆಯಿಂದ ಶುರುವಾದದ್ದು.

ಹುಬ್ಬಿನ ಥ್ರೆಡಿಂಗ್ ಕಲಿಸಿದ್ದು ನೆನಪಿದೆಯಾ? ‘ಯಾರ ಮುಖಾನೂ ಕೊಡಲ್ಲ ನಿಂಗೆ, ನಿನ್ ಕಾಲೇ ಸಾಕು’ ಎಂದು ನನ್ನ ಕಾಲಿನ ಮೇಲೆಯೇ ದಾರ ಆಡಿಸಲು ಬಿಟ್ಟಿರಿ. ಕಾಲೆಲ್ಲ ಕೆಂಪಾಗಿ, ದಾರ ಕಚ್ಚಿ ಹಿಡಿದ ಹಲ್ಲು ಜುಮ್ಮೆನ್ನುತ್ತಿತ್ತು. ಗಿರಾಕಿಗಳಿಗೆ ನೀವು ಬೈಯುವುದನ್ನು ಕೇಳಿ ಮೊದಮೊದಲು ಹೆದರುತ್ತಿದ್ದೆ. ಬೆಳ್ಳಗೆ ಮಾಡಿ ಎಂದು ಬಂದವಳಿಗೆ, ‘ಚೆಂದಾಗೇ ಇದ್ದೀಯಲ್ಲ, ಹಿಟ್ಟು ಬಳ್ಕಂಡು ಹೋಗ್ತೀಯಾ?’ ಎಂದು ಕೇಳುವ ಪಾರ್ಲರಿನವಳು ಇನ್ನೆಲ್ಲಾದರೂ ಇರುತ್ತಾಳಾ? ಆದರೂ ಸುತ್ತಲ ಹಳ್ಳಿಗಳ ಮದುವಣಗಿತ್ತಿಯರೆಲ್ಲ ನಿಮ್ಮ ಹತ್ತಿರವೇ ಬರುತ್ತಿದ್ದರು. ನಿಮ್ಮ ಮೊಗ್ಗಿನ ಜಡೆ ಅಂದರೆ ಅಷ್ಟು ಹೆಸರು. ಮದುವೆ ಸೀಸನ್ನಿನಲ್ಲಿ ನಿಮಗೆ ಉಣ್ಣಲೂ ಬಿಡುವಿರುತ್ತಿರಲಿಲ್ಲ.

ಅದೇ ರಜೆಯ ಆ ಭಾನುವಾರ ಮಧ್ಯಾಹ್ನ. ಸೋದರತ್ತೆಯೊಬ್ಬಳು ಮದುಮಗಳನ್ನು ಕೈಹಿಡಿದು ಎಳೆದುಕೊಂಡೇ ಬಂದಳು. ‘ಬಿರ್ರನೆ ರೆಡಿ ಮಾಡವ್ವ, ಗಂಡಿನೋರು ಆಗ್ಲೇ ಛತ್ರುಕ್ಕೆ ಬಂದವ್ರೆ.’ ಕುರ್ಚಿಯಲ್ಲಿ ಕೂತ ಹುಡುಗಿ ತಲೆ ಎತ್ತಿದಾಗ ಕನ್ನಡಿಯಲ್ಲಿ ನನ್ನ ಕಣ್ಣೂ ಅವಳ ಕಣ್ಣೂ ಸೇರಿದವು. ಪವಿತ್ರ! ನನ್ನ ಪಕ್ಕದಲ್ಲೇ ಕೂರುತ್ತಿದ್ದ ಪವಿತ್ರ. ಪರೀಕ್ಷೆ ಮುಗಿಯುವ ಮೊದಲೇ ಸ್ಕೂಲು ಬಿಟ್ಟಿದ್ದಳು. ಕಾಮಾಲೆ ಬಂದು ಮಲಗಿದ್ದಾಳೆ ಎಂದು ಮನೆಯವರು ಟೀಚರ್‌ಗೆ ಹೇಳಿದ್ದರು. ಅವಳು ನನ್ನನ್ನು ಗುರುತು ಹಿಡಿದಳು, ಹಿಡಿದು ಮುಖ ತಗ್ಗಿಸಿದಳು.

ನಲ್ಲಿಯ ಹತ್ತಿರ ಟವೆಲ್ ಹಿಂಡುವ ನೆಪದಲ್ಲಿ ನಿಮ್ಮ ಸೆರಗು ಎಳೆದೆ. ‘ಅಕ್ಕ, ಅದು ನಮ್ ಕ್ಲಾಸ್ ಹುಡ್ಗಿ. ನನ್ ವಯಸ್ಸೇ.’ ನೀವು ಕೈ ಒರೆಸಿಕೊಂಡಿರಿ. ಹೋಗಿ ಅತ್ತೆಯನ್ನು ಕೇಳಿದಿರಿ: ‘ಹೆಣ್ಗೆ ಎಷ್ಟಮ್ಮ ವಯಸ್ಸು?’

‘ಹತ್ತೊಂಬತ್ತು ತುಂಬ್ತು ಕಣವ್ವ.’

‘ನೀನ್ ಹೇಳಿದ್ದಾಯ್ತು, ಅವ್ಳು ಹೇಳ್ಲಿ. ಹೇಳವ್ವ, ಎಷ್ಟು ನಿಂಗೆ?’

ಪವಿತ್ರ ಉಗುರು ನೋಡಿಕೊಂಡು ಕೂತಳು. ನೀವು ಮುಲ್ತಾನಿ ಮಿಟ್ಟಿ ಕಲಸಿ ಅವಳ ಮುಖಕ್ಕೆ ದಪ್ಪಗೆ ಬಳಿದಿರಿ. ‘ಇದು ಪೂರ್ತಿ ಒಣಗ್ಬೇಕು. ಅಲ್ಲೀಗಂಟ ಯಾರೂ ಮಾತಾಡ್ಸಂಗಿಲ್ಲ’ ಎಂದು ಅತ್ತೆಯ ಕೈಗೆ ಟೀ ಕೊಡಿಸಿ, ಹಿಂದಿನ ಕೋಣೆಗೆ ಹೋಗಿ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದಿರಿ. ‘ಅಕ್ಕ, ಏನಾಗುತ್ತೆ?’ ಎಂದೆ. ‘ನಂಗೇನ್ ಗೊತ್ತೆ? ಆದ್ರೆ ಈ ಮುಖಕ್ಕೆ ಬಣ್ಣ ಹಚ್ಚಕ್ಕೆ ನನ್ ಕೈಲಾಗಲ್ಲ.’ ಇದನ್ನು ಯಾವ ಪಠ್ಯಪುಸ್ತಕದಲ್ಲಿ ಬರೆದಿದ್ದರು ಅಕ್ಕ? ನಮಗೆ ಕಲಿಸಿದ್ದು ಚರ್ಮದ ವಿಧಗಳು, ಬ್ರಷ್ ಹಿಡಿಯುವ ಕ್ರಮ…

ಜೀಪು ಬಂದು ನಿಂತ ಗಳಿಗೆಯೇ ನಮ್ಮಿಬ್ಬರನ್ನೂ ಆಮೇಲೆ ಕಾಡಿದ್ದು. ಅಧಿಕಾರಿ ಮೇಡಂ ಒಳಗೆ ಬಂದು ಕೈ ಹಿಡಿಯುತ್ತಿದ್ದಂತೆ ಪವಿತ್ರ ಒಣಗಿದ ಮಣ್ಣಿನ ಮುಖದಲ್ಲೇ ನಿಮ್ಮ ಕಡೆ ತಿರುಗಿ ಕಿರುಚಿದಳು: ‘ನನ್ ಬಾಳ್ ಹಾಳ್ಮಾಡ್ಬುಟ್ಟಲ್ಲಕ್ಕ! ನಾನ್ ನಿಂಗೇನ್ ಮಾಡಿದ್ದೆ?’ ಕೆನ್ನೆಯ ಮೇಲಿನ ಮಣ್ಣು ಬಿರಿದು ಚೂರುಚೂರಾಗಿ ಹೊಸ ಸೀರೆಯ ಮೇಲೆ ಉದುರಿತು. ನೀವು ಕೈಯಲ್ಲಿದ್ದ ಒದ್ದೆ ಟವೆಲನ್ನು ಹಾಗೇ ಹಿಡಿದುಕೊಂಡು ನಿಂತಿದ್ದಿರಿ. ಅವಳ ಮುಖ ಒರೆಸಬೇಕೆಂದಿದ್ದಿರಿ. ಅಷ್ಟರಲ್ಲಿ ಕರೆದುಕೊಂಡು ಹೋದರು.

ಮದುವೆ ನಿಂತಿತು. ಅವಳನ್ನು ಮೈಸೂರಿನ ಬಾಲಮಂದಿರಕ್ಕೆ ಸೇರಿಸಿದರು ಎಂಬುದಷ್ಟೇ ನಮಗೆ ಗೊತ್ತಾದದ್ದು. ಮರುದಿನ ನಿಮ್ಮ ಬೋರ್ಡಿಗೆ ಸಗಣಿ ಎರಚಿದ್ದರು. ಅದನ್ನು ತೊಳೆದಿರಿ. ಆದರೆ ‘ಮದ್ವೆ ನಿಲ್ಸೋಳ ಕೈಲಿ ಹೆಣ್ಣಿಗೆ ಅಲಂಕಾರ ಮಾಡಿಸ್ಬ್ಯಾಡಿ’ ಎಂಬ ಮಾತನ್ನು ಹೇಗೆ ತೊಳೆಯುತ್ತೀರಿ? ಗೊತ್ತು ಮಾಡಿಕೊಂಡಿದ್ದ ಮದುವಣಗಿತ್ತಿಯರೆಲ್ಲ ಒಬ್ಬೊಬ್ಬರಾಗಿ ತಪ್ಪಿಸಿಕೊಂಡರು. ಇನ್ನೊಂದು ಮದುವೆ ಸೀಸನ್ ಬರುವಷ್ಟರಲ್ಲಿ ನೀವು ಕನ್ನಡಿ, ಕುರ್ಚಿ ಎತ್ತಿಕೊಂಡು ಹುಣಸೂರಿಗೆ, ಬಸ್‌ಸ್ಟ್ಯಾಂಡ್ ಹಿಂದಿನ ಈ ಸಣ್ಣ ಮಳಿಗೆಗೆ ಬಂದಿರಿ. ಇಲ್ಲಿಗೆ ಯಾವ ಮದುಮಗಳು ಬಂದಳು? ತಂಬಾಕು ಮಂಡಿಯಿಂದ ಮನೆಗೆ ಹೋಗುವ ಹೆಂಗಸರು, ಕಾಲೇಜಿನ ಹುಡುಗಿಯರು, ಒಂದು ಐಬ್ರೋ, ಒಂದು ಹೇರ್‌ಕಟ್. ಆ ಹೆಸರಾದ ಮೊಗ್ಗಿನ ಜಡೆ ಮತ್ತೆ ನಿಮ್ಮ ಕೈಯಲ್ಲಿ ಅರಳಲೇ ಇಲ್ಲ.

ನಾನು ಪಿಯುಸಿ ಮುಗಿಸಿ ನಿಮ್ಮ ಹತ್ತಿರವೇ ಬಂದೆನಲ್ಲ, ಆಗ ಒಮ್ಮೆ ಊಟ ಮಾಡುತ್ತಾ ಕೇಳಿದಿರಿ: ‘ಆ ಹುಡ್ಗಿ ಏನಾದ್ಲೇ ಭವ್ಯ?’ ಆಮೇಲೆ ಮದುವೆ ಸೀಸನ್ ಶುರುವಾದಾಗೆಲ್ಲ ಕೇಳುತ್ತಿದ್ದಿರಿ. ಒಂದು ಸಲ ನಾವಿಬ್ಬರೂ ಅವಳ ಊರಿಗೇ ಹೋದೆವು. ಬಾಗಿಲಿಗೆ ಬೀಗ. ಮನೆಯವರೆಲ್ಲ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದರು, ಯಾವ ತೋಟವೋ ಗೊತ್ತಿಲ್ಲ ಎಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ನೀವು ಕಿಟಕಿಯಾಚೆ ನೋಡುತ್ತಾ, ‘ಅವಳು ಹೇಳಿದ್ದೇ ನಿಜ ಆಗಿದ್ರೆ?’ ಎಂದಿರಿ.

ಗಿರಾಕಿಯ ಮುಂದೆ ದಾರ ಹಿಡಿದು ನಿಂತಿದ್ದ ನೀವು ಕುಸಿದ ದಿನ… ಬೇಡ, ಅದನ್ನು ಬರೆಯಲಾರೆ. ಮೈಸೂರಿನ ಆಸ್ಪತ್ರೆಯಲ್ಲಿ ನಿಮ್ಮ ಬಾಯಿ ಒಂದು ಕಡೆ ಸೊಟ್ಟಗಾಗಿ ಮಾತೇ ನಿಂತುಹೋಗಿತ್ತು. ಕಣ್ಣು ಮಾತ್ರ ನನ್ನನ್ನು ಏನೋ ಕೇಳುತ್ತಿತ್ತು. ಸುಳ್ಳಾದರೂ ಹೇಳಬಹುದಿತ್ತಾ? ಪವಿತ್ರ ಚೆನ್ನಾಗಿದ್ದಾಳೆ ಎಂದಿದ್ದರೆ ನೀವು ನಂಬುತ್ತಿದ್ದಿರಾ?

ಹೋದ ವಾರ, ಮಂಗಳವಾರ, ಶಟರ್ ಕೆಳಗೆ ಬಗ್ಗಿ ಒಬ್ಬಳು ಒಳಗೆ ಬಂದಳು. ಪಕ್ಕದಲ್ಲಿ ಎರಡು ಜಡೆ ಹಾಕಿದ ಹೆಣ್ಣುಮಗು. ‘ಬಸ್‌ಸ್ಟ್ಯಾಂಡಲ್ಲಿ ಬ್ಯಾನರ್ ನೋಡ್ದೆ. ಗಿರಿಜಕ್ಕ… ಅದು ಅವರೇನಾ?’ ಆಟೊ ಸ್ಟ್ಯಾಂಡಿನವರು ನಿಮ್ಮ ಫೋಟೊ ಹಾಕಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದ್ದರು. ಮಳೆ ಬಿಸಿಲಿಗೆ ಬಣ್ಣ ಬಿಟ್ಟುಕೊಂಡರೂ ಅದನ್ನು ಯಾರೂ ಬಿಚ್ಚಿರಲಿಲ್ಲ. ನಾನು ತಲೆಯಾಡಿಸಿದೆ. ಅವಳು ಗೋಡೆ ಹಿಡಿದುಕೊಂಡು ಕೆಳಗೆ ಕೂತಳು. ಆಗ ಗುರುತು ಸಿಕ್ಕಿತು, ಪವಿತ್ರ. ಕೆನ್ನೆ ಇಳಿದಿತ್ತು, ಮುಂದಲೆ ನೆರೆತಿತ್ತು. ನನ್ನ ವಯಸ್ಸಿನವಳೇ ತಾನೆ?

‘ಕೆ.ಆರ್. ನಗರದಲ್ಲಿ ಹುಡುಕ್ದೆ ಕಣೆ’ ಎಂದಳು. ‘ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಅದೆ. ಎಲ್ಲೋದ್ರೋ ಗೊತ್ತಿಲ್ಲ ಅಂದ್ರು.’ ಮದುವೆಯಾಗಿ ಎಚ್.ಡಿ. ಕೋಟೆ ಕಡೆ ಇದ್ದಾಳಂತೆ. ತವರಿನವರು ಈಗ ಪಿರಿಯಾಪಟ್ಟಣದ ಹತ್ತಿರ ಇದ್ದಾರಂತೆ. ಹೋಗುವಾಗ ಬರುವಾಗಲೆಲ್ಲ ಇದೇ ಹುಣಸೂರಿನಲ್ಲಿ ಇಳಿದು ಬಸ್ ಬದಲಾಯಿಸುತ್ತಿದ್ದಳಂತೆ. ಕೇಳಿಸಿತಾ ಅಕ್ಕ? ಇದೇ ಬಸ್‌ಸ್ಟ್ಯಾಂಡಿನಲ್ಲಿ! ನೀವು ಇಲ್ಲಿ ಕೂತು ಅವಳು ಏನಾದಳೋ ಎನ್ನುವಾಗ ಅವಳು ಗೋಡೆಯಾಚೆ ಮಗುವಿಗೆ ಬಾಳೆಹಣ್ಣು ಕೊಡಿಸುತ್ತಾ ನಿಂತಿದ್ದಿರಬಹುದು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ ನಾನು? ಈ ಗೋಡೆಯ ಮೇಲಾ?

ಮದುವೆಯ ಮಾತನ್ನು ಅವಳು ಹೇಳುವಾಗ ನನಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ಬಾಲಮಂದಿರದಲ್ಲಿದ್ದು ಎಸ್ಸೆಸ್ಸೆಲ್ಸಿ ಪಾಸು ಮಾಡಿದಳಂತೆ. ಆಮೇಲೆ ಮನೆಯವರು ಈಗಲೇ ಮದುವೆ ಮಾಡುವುದಿಲ್ಲ ಎಂದು ಬರೆದುಕೊಟ್ಟು ಕರೆದುಕೊಂಡು ಹೋದರು. ಅದೇ ಬೇಸಿಗೆಯಲ್ಲೇ, ಇನ್ನೂ ಹದಿನೆಂಟು ತುಂಬದೆಯೇ, ಯಾವುದೋ ಕಾಡಂಚಿನ ಗುಡಿಯಲ್ಲಿ ಬೇರೆ ಗಂಡಿಗೆ ಕಟ್ಟಿದರು. ಛತ್ರವಿಲ್ಲ, ಓಲಗವಿಲ್ಲ. ‘ಪಾರ್ಲರ್ ಕಡೆ ಸುಳೀಲೇ ಇಲ್ಲ ಕಣೆ ಅವ್ರು’ ಎಂದು ನಕ್ಕಳು. ಅಂಥ ನಗು ನಾನು ಕಂಡಿಲ್ಲ. ಹಾಗಾದರೆ ನೀವು ಕಳೆದುಕೊಂಡದ್ದೆಲ್ಲ ಯಾತಕ್ಕೆ? ಆ ಅಂಗಡಿ, ಆ ಹೆಸರು, ಇಷ್ಟು ವರ್ಷದ ಸಂಕಟ? ಒಂದು ವರ್ಷ ಮುಂದಕ್ಕೆ ಹಾಕಿದೆವು, ಅಷ್ಟೇನಾ?

ಅದನ್ನೇ ಅವಳಿಗೂ ಕೇಳಿಬಿಟ್ಟೆ. ಅಳುತ್ತಾ ಕೇಳಿದೆ. ‘ಅಕ್ಕ ಸಾಯೋವರ್ಗೂ ನೀನ್ ಕಿರುಚಿದ್ದನ್ನೇ ಹೊತ್ಕೊಂಡಿದ್ರು ಪವಿತ್ರ. ನಿನ್ ಬಾಳು ಹಾಳ್ಮಾಡ್ದೆ ಅಂತ.’

ಅವಳು ದಂಗಾಗಿ ನನ್ನನ್ನೇ ನೋಡಿದಳು. ‘ಅಯ್ಯೋ, ಅತ್ತೆ ನೋಡ್ತಾ ಇದ್ಲಲ್ಲೇ! ನಾನ್ ಸುಮ್ನಿದ್ರೆ, ನಾನೇ ಹೇಳ್ಕೊಟ್ಟು ಮಾಡ್ಸಿದ್ದು ಅಂತ ಅಪ್ಪ ಕೊಂದಾಕ್ಬುಡ್ತಿದ್ದ. ಅದ್ಕೇ ಕಿರುಚಿದ್ದು. ಜೀಪಲ್ಲಿ ಕುಂತ್ಮೇಲೆ ನಂಗೆ ಉಸ್ರು ಬಂತು ಭವ್ಯ. ಆ ಒಂದು ವರ್ಸ ನಾನು ಓದಿದ್ದೀನಿ, ರಂಗೋಲಿ ಸ್ಪರ್ಧೆಲಿ ಗೆದ್ದಿದ್ದೀನಿ, ಕಣ್ತುಂಬ ನಿದ್ದೆ ಮಾಡಿದ್ದೀನಿ. ನನ್ ಬಾಳಲ್ಲಿ ನಂದು ಅಂತ ಇರೋದು ಅದೊಂದೇ ವರ್ಸ. ಅದುನ್ನ ಅಕ್ಕಂಗೆ ಹೇಳ್ಬೇಕು ಅಂತ ಹುಡುಕ್ತಿದ್ದೆ. ಹೇಳೋಕಾಗ್ಲಿಲ್ವಲ್ಲ…’

ಇದೇ ಅಕ್ಕ, ನಿಮಗೆ ತಲುಪಬೇಕಾದ ಮಾತು. ನಾನು ಸೇರಿಸಿದ್ದೂ ಇಲ್ಲ, ಬಿಟ್ಟದ್ದೂ ಇಲ್ಲ. ಕೆಲವು ತಿಂಗಳು ಮೊದಲು ಬಂದಿದ್ದರೆ ಅವಳ ಬಾಯಿಂದಲೇ ಕೇಳುತ್ತಿದ್ದಿರಿ. ಈಗ ಖಾಲಿ ಕುರ್ಚಿಗೆ ಓದಿ ಹೇಳುತ್ತಿದ್ದೇನೆ. ಮೂರು ಸಲ ಓದಿದೆ. ಜೋರಾಗಿಯೂ ಓದಿದೆ. ನಿಮಗೆ ಕೇಳಿಸುವಂತೆ ಮಾಡಲು ಇನ್ನೇನು ಮಾಡಬೇಕೋ ನನಗೆ ತಿಳಿಯುತ್ತಿಲ್ಲ.

ಹೊರಡುವಾಗ ಅವಳ ಮಗಳು ಎಷ್ಟನೇ ಕ್ಲಾಸು ಎಂದು ಕೇಳಿದೆ. ‘ಮೂರು. ಬೇಕಾದಷ್ಟು ಓದ್ಲಿ’ ಎಂದು ಪವಿತ್ರ ಮಗುವಿನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಕೋಟೆ ಬಸ್ಸು ಹತ್ತಿದಳು. ನನ್ನ ನಂಬರ್ ತೆಗೆದುಕೊಂಡಿದ್ದಾಳೆ. ಅವಳ ಮನೆಯಲ್ಲಿ ಎಲ್ಲ ಸರಿಯಿಲ್ಲ ಎಂದು ನನಗನಿಸಿತು. ಕೇಳಲು ಧೈರ್ಯ ಬರಲಿಲ್ಲ. ಅವಳೂ ಹೇಳಲಿಲ್ಲ. ಫೋನ್ ಬಡಿದುಕೊಂಡಾಗೆಲ್ಲ ಅವಳೇ ಇರಬೇಕೆಂದು ಓಡುತ್ತೇನೆ.

ಇನ್ನೊಂದು ವಿಷಯ. ಇಲ್ಲಿನ ಹೈಸ್ಕೂಲಿನ ವೃತ್ತಿ ಶಿಕ್ಷಣದ ಟೀಚರ್, ಕಾರ್ಯಾನುಭವಕ್ಕೆ ಇಬ್ಬರು ಹುಡುಗಿಯರನ್ನು ಇಟ್ಟುಕೊಳ್ಳುತ್ತೀರಾ ಎಂದು ದಸರಾಕ್ಕೆ ಮುಂಚೆಯೇ ಕೇಳಿದ್ದರು. ಆಗುವುದಿಲ್ಲ, ಅಂಗಡಿಯನ್ನೇ ಮುಚ್ಚುತ್ತೇನೆ ಎಂದಿದ್ದೆ. ಪವಿತ್ರ ಬಂದು ಹೋದ ಮರುದಿನ ನಾನೇ ಫೋನ್ ಮಾಡಿ ಕಳಿಸಿ ಎಂದೆ. ಯಾಕೆ ಹಾಗೆ ಮಾಡಿದೆನೋ ನನಗೂ ಗೊತ್ತಿಲ್ಲ. ನಿಮ್ಮಷ್ಟು ಗಟ್ಟಿ ನಾನಲ್ಲ.

ಇವತ್ತು ಬೆಳಿಗ್ಗೆ ಅವರಲ್ಲಿ ಒಬ್ಬಳ ಅಪ್ಪ ಮಗಳ ಜೊತೆ ಬಂದಿದ್ದರು. ಅಂಗಡಿಯನ್ನು ಒಳಗೆ ಹೊರಗೆ ನೋಡಿ, ಟವೆಲನ್ನು ಹೆಗಲ ಮೇಲೆ ಸರಿ ಮಾಡಿಕೊಂಡು ಕೇಳಿದರು: ‘ಹೆಣ್ಮಗು ಕಣವ್ವ. ಇಲ್ಲೇನೂ ತೊಂದ್ರೆ ತಾಪತ್ರಯ ಇಲ್ವಲ್ಲ?’

ಇಲ್ಲ ಎನ್ನಲು ನಾಲಗೆ ಏಳಲಿಲ್ಲ ಅಕ್ಕ. ‘ಬರ್ಬೋದು ಕಣಣ್ಣ’ ಎಂದೆ. ‘ಬಂದ್ರೆ ನಾನಿರ್ತೀನಿ.’

ಅವರು ಬಾಗಿಲ ಕಡೆ ನೋಡಿದರು. ಮಗಳನ್ನು ಕರೆದುಕೊಂಡು ಹೊರಟೇಬಿಡುತ್ತಾರೆ ಎಂದುಕೊಂಡೆ. ಆಮೇಲೆ ಮಗಳ ಕಡೆ ತಿರುಗಿ, ‘ಊಟದ್ ಡಬ್ಬಿ ಎಲ್ಲಿ ಮಡಗ್ಬೇಕು ಅಂತ ಅಕ್ಕನ್ ಕೇಳ್ಕೊಳವ್ವ’ ಎಂದರು.

ನಿಮ್ಮ
ಭವ್ಯ